ಬೆಟ್ಟಮ್ಮ ಎಂಬ ಹೆಸರು

ಗೋಕುಲಂ, ಮೈಸೂರು
12 ಜೂನ್ 2023

ಪ್ರೀತಿಯ ಬೆಟ್ಟಮ್ಮ,

ಲಕೋಟೆಯ ಮೇಲಿನ ಅಕ್ಷರ ನೋಡಿಯೇ ಯಾರೆಂದು ನಿನಗೆ ಗೊತ್ತಾಗಿರುತ್ತದೆ. ಹರಿದು ಹಾಕುವ ಮೊದಲು ಒಂದು ಸಲ ಓದು. ಹೋದ ವಾರ ನಿಮ್ಮ ಮನೆಗೆ ಫೋನ್ ಮಾಡಿದ್ದೆ. ನಿನ್ನ ಸೊಸೆ ಎತ್ತಿ, ಒಳಗೆ ಹೋಗಿ ಬಂದು, "ಏನಿದ್ರೂ ಕಾಗ್ದ ಬರೀಬೇಕಂತೆ ಕಣ್ರೀ" ಎಂದು ಇಟ್ಟುಬಿಟ್ಟಳು. ಇಪ್ಪತ್ತೊಂಬತ್ತು ವರ್ಷದಿಂದ ಮಾತಿಲ್ಲ. ಕಾಗದಕ್ಕಾದರೂ ಅಪ್ಪಣೆ ಸಿಕ್ಕಿತಲ್ಲ ಎಂದು ಬರೆಯುತ್ತಿದ್ದೇನೆ.

ವಿಷಯ ಇಷ್ಟು. ನನ್ನ ಕಾದಂಬರಿಯನ್ನು ಲಾಸ್ಯ ಎಂಬ ಹುಡುಗಿ ಇಂಗ್ಲಿಷಿಗೆ ಅನುವಾದ ಮಾಡುತ್ತಿದ್ದಾಳೆ. ಅವಳ ಸಂಶೋಧನೆಯೇ ಹೆಸರುಗಳ ಮೇಲೆ. ಜನ ಹೆಸರು ಹೇಗಿಡುತ್ತಾರೆ, ಕಥೆ ಬರೆಯುವವರು ಹೇಗಿಡುತ್ತಾರೆ, ಇನ್ನೊಂದು ಭಾಷೆಗೆ ಹೋದಾಗ ಆ ಹೆಸರಿಗೆ ಏನಾಗುತ್ತದೆ, ಇದೇ ಅವಳ ಓದು. ಒಂದು ವಾಕ್ಯ ಅನುವಾದ ಮಾಡುವ ಮೊದಲೇ ಪಾತ್ರಗಳ ಪಟ್ಟಿ ಕಳಿಸಿದಳು. ಒಂದೊಂದು ಹೆಸರಿನ ಮುಂದೆಯೂ ಇದು ಎಲ್ಲಿಂದ ಬಂತು, ಇದನ್ನು ಯಾರು ಬಾಯಿಬಿಟ್ಟು ಕರೆಯಬಹುದು, ಯಾರು ಕರೆಯಬಾರದು ಎಂದು ನಾನು ತುಂಬಿಸಬೇಕು. ಮೂವತ್ತೈದು ವರ್ಷ ಪಾಠ ಮಾಡಿದವಳಿಗೆ ಈಗ ಪರೀಕ್ಷೆ. ಸೊಸೆ ಅತ್ತೆಯ ಹೆಸರು ಹೇಳುವುದಿಲ್ಲ, ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ, ಗಂಡ 'ಲೇ' ಎನ್ನುತ್ತಾನೆ, ಉಳಿದವರೆಲ್ಲ ಅಕ್ಕ, ಅತ್ತಿಗೆ, ಚಿಕ್ಕಮ್ಮ. ಪಟ್ಟಿ ತುಂಬಿಸಿ ನೋಡಿದರೆ ನನ್ನ ಕಾದಂಬರಿಯಲ್ಲಿ ಎಲ್ಲರಿಂದಲೂ ಹೆಸರು ಹಿಡಿದು ಕರೆಸಿಕೊಳ್ಳುವವಳು ಒಬ್ಬಳೇ. ಬೆಟ್ಟಮ್ಮ ಎಂಬ ಪಾತ್ರ.

ನಾನು ಬರೆಯುವ ಕ್ರಮ ನಿನಗೆ ಗೊತ್ತಲ್ಲ. ಕರಡಿನಲ್ಲಿ ಎಲ್ಲರಿಗೂ ನಿಜವಾದ ಹೆಸರು, ಇಲ್ಲದಿದ್ದರೆ ಅವರು ನನ್ನ ಹತ್ತಿರ ಮಾತನಾಡುವುದೇ ಇಲ್ಲ. ಅಚ್ಚಿಗೆ ಕೊಡುವ ಮೊದಲು ಕೂತು ಒಬ್ಬೊಬ್ಬರ ಹೆಸರನ್ನೂ ಬದಲಿಸುತ್ತೇನೆ. ನಿನ್ನದೊಂದನ್ನು ಹಾಗೇ ಬಿಟ್ಟೆ. ಮೇಲೆ ಅರ್ಪಣೆಯನ್ನೂ ಬರೆದೆ, 'ಲಷ್ಕರ್ ಮೊಹಲ್ಲಾದ ಬೆಟ್ಟಮ್ಮನಿಗೆ' ಎಂದು. ಗೌರವಕ್ಕೆಂದೇ ಮಾಡಿದ್ದು. ನೀನು ಅದನ್ನು ಬೇರೆ ಥರ ತೆಗೆದುಕೊಂಡೆ.

ಈಗ ಇಂಗ್ಲಿಷಿನಲ್ಲಿ ಬೇಕಾದರೆ ಹೆಸರು ಬದಲಿಸೋಣ. ಒಂದು ಸಾಲು ಬರೆದು ತಿಳಿಸಿದರೆ ಸಾಕು. ನಾದಿನಿ ನೀಲಾಂಬಿಕೆ ನನ್ನ ಜೊತೆಯಲ್ಲೇ ಇದ್ದಾಳೆ. ಇವರು ತೀರಿಕೊಂಡ ಮೇಲೆ ಈ ಮನೆಯಲ್ಲಿ ನಾವಿಬ್ಬರೇ. ನಿನಗೆ ಬರೆಯುತ್ತಿರುವುದು ಅವಳಿಗೆ ಗೊತ್ತಿಲ್ಲ.

ನಿನ್ನ
ಪ್ರೇಮಲೀಲಾ


ಲಷ್ಕರ್ ಮೊಹಲ್ಲಾ
1 ಜುಲೈ 2023

ಪ್ರೇಮಾ,

ಒಂದು ಸಾಲು ಸಾಕು ಎಂದಿದ್ದೀಯ. ನನಗೆ ಸಾಲುವುದಿಲ್ಲ. ಹೊಲಿಗೆ ಅಂಗಡಿ ಈಗ ಮಗ ನೋಡಿಕೊಳ್ಳುತ್ತಾನೆ. ನಾನು ಕೂತು ಬ್ಲೌಸುಗಳಿಗೆ ಹುಕ್ಕು ಹಾಕುತ್ತೇನೆ, ಮಧ್ಯೆ ಬಿಡುವಾದಾಗ ಇದನ್ನು ಬರೆಯುತ್ತಿದ್ದೇನೆ. ಹಾಗಾಗಿ ಎರಡು ವಾರ ಹಿಡಿಯಿತು. ನಿನ್ನ ಹಾಗೆ ಬರೆದು ಅಭ್ಯಾಸವಿಲ್ಲ.

ನಿನ್ನ ಪುಸ್ತಕದ ಬೆಟ್ಟಮ್ಮ ಏನು ಮಾಡುತ್ತಾಳೆ? ಪಕ್ಕದ ಮನೆಯ ಹುಡುಗಿಗೆ ನಿಶ್ಚಯವಾದ ಸಂಬಂಧವನ್ನು ಹೊಟ್ಟೆಕಿಚ್ಚಿಗೆ, ಸಹಿಯಿಲ್ಲದ ಕಾಗದ ಬರೆದು ತಪ್ಪಿಸುತ್ತಾಳೆ. 1983ರಲ್ಲಿ ನಿನ್ನ ನಾದಿನಿ ನೀಲಾಂಬಿಕೆಗೆ ನಂಜನಗೂಡಿನ ಸಂಬಂಧ ತಪ್ಪಿದ್ದೂ ಅಂಥದೇ ಕಾಗದದಿಂದ. ಹುಡುಗಿಗೆ ಮೂರ್ಛೆ ರೋಗ ಇದೆ ಎಂದು ಯಾರೋ ಬರೆದಿದ್ದರು. ಯಾರು ಎಂದು ಹನ್ನೊಂದು ವರ್ಷ ಬೀದಿಗೆ ಗೊತ್ತಿರಲಿಲ್ಲ. ನಿನ್ನ ಪುಸ್ತಕ ಬಂದ ಮೇಲೆ ಎಲ್ಲರಿಗೂ ಗೊತ್ತಾಯಿತು. ಮೊದಲ ಪುಟದಲ್ಲೇ ಹೆಸರು, ಮೊಹಲ್ಲಾ ಎಲ್ಲ ಅಚ್ಚಾಗಿತ್ತಲ್ಲ.

ಆ ಕಾಗದ ಬರೆದವಳು ನೀನು. ನಮ್ಮ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು, ಮೊದಲು ನೀನು ನನ್ನನ್ನೇ ಬರೆದುಕೊಡು ಎಂದು ಕೇಳಿದೆ. "ನನ್ ಅಕ್ಷರ ಗೊತ್ತಾಗ್ಬುಡುತ್ತೆ ಕಣೆ, ನಿಂದು ಯಾರಿಗೂ ಗೊತ್ತಿಲ್ಲ" ಎಂದೆ. ನಾನು ಆಗಲ್ಲ ಎಂದೆ. ನೀನು ಎಡಗೈಯಲ್ಲಿ ಬರೆದುಕೊಂಡು ಹೋದೆ. ಗೆಳತಿ ಎಂದು ನಾನು ಬಾಯಿ ಮುಚ್ಚಿಕೊಂಡಿದ್ದೆ.

ಪುಸ್ತಕ ಬಂದ ತಿಂಗಳಲ್ಲೇ ನೀಲಾಂಬಿಕೆ ಅದನ್ನು ಕೈಯಲ್ಲಿ ಹಿಡಿದು ಅಂಗಡಿಗೆ ಬಂದಳು. ಹಬ್ಬದ ಬಟ್ಟೆಗೆ ಅಂಗಡಿ ತುಂಬ ಜನ. "ಬೆಟ್ಟಕ್ಕಾ, ಇದು ನೀವೇ ಬರ್ದಿದ್ದಾ? ಇಲ್ಲ ಅಂತ ಒಂದ್ ಮಾತ್ ಹೇಳ್ಬುಡಿ ಸಾಕು" ಎಂದಳು. ಇಲ್ಲ ಎಂದರೆ ಮತ್ತೆ ಯಾರು ಎಂದು ಕೇಳುತ್ತಾಳೆ. ಯಾರೆಂದು ಹೇಳಿದರೆ ಅವಳಿಗೆ ಇರಲು ಇರುವ ಮನೆಯೂ ಇಲ್ಲದಂತಾಗುತ್ತದೆ. ಸುಮ್ಮನಿದ್ದೆ. ಅವಳು ಅದನ್ನೇ ಉತ್ತರ ಎಂದುಕೊಂಡು ಹೋದಳು. ಆಮೇಲೆ ರಸ್ತೆಯಲ್ಲಿ ಎದುರಾದರೂ ಮುಖ ತಿರುಗಿಸುತ್ತಿದ್ದಳು.

ನಮ್ಮಲ್ಲಿ ಅಜ್ಜಿಯ ಹೆಸರು ಮೊಮ್ಮಗಳಿಗೆ. ನನ್ನದು ನಮ್ಮಜ್ಜಿಯದು, ಅವಳದು ಅವಳ ಅಜ್ಜಿಯದು. 1996ರಲ್ಲಿ ಮಗನಿಗೆ ಹೆಣ್ಣುಮಗು ಹುಟ್ಟಿದಾಗ ಸೊಸೆ, "ಆ ಹೆಸ್ರು ಬ್ಯಾಡ ಕಣತ್ತೆ, ನಾಳೆ ಮಗೂನ ಜನ ಏನಂತಾರೆ" ಎಂದಳು. ನಯನಾ ಎಂದಿಟ್ಟರು. ಈಗ ನಯನಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ. ಗಂಡ ಪ್ರದ್ಯುಮ್ನ, ಹೂಟಗಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸ. ಸೆಪ್ಟೆಂಬರಿಗೆ ದಿನ ಕೊಟ್ಟಿದ್ದಾರೆ. ಹೆಣ್ಣಾದರೆ ಶಾಲೆಗೆ ಯಾವ ಹೆಸರಾದರೂ ಇರಲಿ, ತೊಟ್ಟಿಲಿಗೆ ಅಜ್ಜಿಯ ಹೆಸರೇ ಎಂದು ನಯನಾ ಕೂತಿದ್ದಾಳೆ. ಅವಳ ತಾಯಿ ಈಗಲೂ ಬೇಡ ಎನ್ನುತ್ತಾಳೆ. ಈ ಸಲವೂ ಇಡದಿದ್ದರೆ ನಾನು ಸತ್ತ ಮೇಲೆ ಉಳಿಯುವ ಬೆಟ್ಟಮ್ಮ ನಿನ್ನ ಪುಸ್ತಕದವಳೊಬ್ಬಳೇ. ಇದನ್ನು ಯೋಚಿಸಿದರೆ ನನಗೆ ಅನ್ನ ಸೇರುವುದಿಲ್ಲ.

ಇಂಗ್ಲಿಷಿನಲ್ಲಿ ನೀನು ಏನು ಬದಲಿಸಿದರೆ ಲಷ್ಕರಿನಲ್ಲಿ ಯಾರಿಗೇನು? ನೀಲಾಂಬಿಕೆಗೆ ಹೇಳು. ಅವಳು ಹೇಳಿದರೆ ನನ್ನ ಸೊಸೆ ನಂಬುತ್ತಾಳೆ. ನಾನು ಹೇಳಿದರೆ ತಪ್ಪು ಮುಚ್ಚಿಕೊಳ್ಳುತ್ತಿದ್ದಾಳೆ ಎನ್ನುತ್ತಾಳೆ.

ಬೆಟ್ಟಮ್ಮ


ಗೋಕುಲಂ
24 ಜುಲೈ 2023

ಬೆಟ್ಟಮ್ಮ,

ನಿನ್ನ ಕಾಗದ ಓದಿ ಎರಡು ದಿನ ತಲೆ ಕೆಟ್ಟುಹೋಗಿತ್ತು. ಅದೆಲ್ಲ ಸುಳ್ಳು ಎಂದು ಬರೆಯಲು ಕೂತೆ, ಆಗಲಿಲ್ಲ. ಹೌದು, ಎಡಗೈಯಲ್ಲಿ ಬರೆದೆ. ಮೊದಲು ನಿಮ್ಮ ಅಂಗಡಿಯ ಅಳತೆ ಪುಸ್ತಕದ ಹಾಳೆಯ ಮೇಲೆ ಅಭ್ಯಾಸ ಮಾಡಿದ್ದೂ ನೆನಪಿದೆ.

ಆಗಿನ ಸ್ಥಿತಿ ನೀನೇ ಕಣ್ಣಾರೆ ನೋಡಿದ್ದೀಯ. ಅತ್ತೆಗೆ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದರು. ಅವರ ಮೈ ತೊಳೆಯುವುದರಿಂದ ಹಿಡಿದು ಎಲ್ಲವನ್ನೂ ಮಾಡುತ್ತಿದ್ದವಳು ನೀಲಾ. ಅವಳು ಮದುವೆಯಾಗಿ ಹೋದರೆ ನಾನು ಕೆಲಸ ಬಿಡಬೇಕಾಗುತ್ತದೆ ಎಂದು ಇವರು ಹೇಳಿಬಿಟ್ಟಿದ್ದರು. ಕಾಲೇಜಿನ ಕೆಲಸ ಖಾಯಂ ಆಗಿ ಎಂಟು ತಿಂಗಳಾಗಿತ್ತು. ಒಂದು ಸಂಬಂಧ ತಪ್ಪಿದರೆ ಇನ್ನೊಂದು ಬರುತ್ತದೆ, ಅಷ್ಟರಲ್ಲಿ ಅತ್ತೆ ಎದ್ದು ಓಡಾಡುತ್ತಾರೆ ಎಂದುಕೊಂಡೆ. ಅತ್ತೆ ಹದಿನಾಲ್ಕು ವರ್ಷ ಮಲಗಿದ್ದರು. ಮೂರ್ಛೆ ರೋಗದ ಮಾತು ನೆಂಟರಲ್ಲೆಲ್ಲ ಹರಡಿ ನೀಲಾಳಿಗೆ ಇನ್ನೊಂದು ಸಂಬಂಧ ಬರಲೇ ಇಲ್ಲ.

ಇನ್ನೊಂದು ಮಾತು. ನಿನ್ನ ಹೆಸರನ್ನು ಹಾಗೇ ಬಿಟ್ಟೆ ಎಂದು ಹೋದ ಕಾಗದದಲ್ಲಿ ಬರೆದಿದ್ದೆ. ಅದು ನಿಜವಲ್ಲ. ಕರಡಿನಲ್ಲಿ ಆ ಕೆಲಸ ಮಾಡುವವಳು ಪ್ರೇಮಲೀಲಾ ಎಂದೇ ಇತ್ತು. ಹೆಸರು ಬದಲಿಸಲು ಕೂತ ದಿನ ನನ್ನದನ್ನು ಹೊಡೆದು ಹಾಕಿ ನಿನ್ನದನ್ನು ಬರೆದೆ. ನಿನ್ನ ಹೆಸರು ಹಾಕಿದ ಕೂಡಲೇ ಆ ಪಾತ್ರಕ್ಕೆ ಜೀವ ಬಂದಂತಾಯಿತು. ಬರೆಯುವವರಿಗೆ ಅಷ್ಟಾದರೆ ಸಾಕು, ಉಳಿದದ್ದು ಕಾಣುವುದಿಲ್ಲ. ಅರ್ಪಣೆ ಬರೆದದ್ದು ನನ್ನ ಮನಸ್ಸಿನ ಸಮಾಧಾನಕ್ಕೆ.

ಈಗ ಮಾಡಬಹುದಾದದ್ದನ್ನು ಮಾಡುತ್ತೇನೆ. ಕನ್ನಡದಲ್ಲೂ ಮರುಮುದ್ರಣ ಕೇಳುತ್ತಿದ್ದಾರೆ. ಎರಡರಲ್ಲೂ ನಿನ್ನ ಹೆಸರು ತೆಗೆಸುತ್ತೇನೆ. ಹದಿನೈದು ದಿನದಿಂದ ಇದೇ ಕೆಲಸ. ಪುಟ್ಟತಾಯಮ್ಮ ಎಂದಿಟ್ಟರೆ ಪಾತ್ರಕ್ಕೆ ಅರವತ್ತು ವರ್ಷ ಆಗಿಬಿಡುತ್ತದೆ. ಸರೋಜ ಎಂದರೆ ಅವಳು ಮೊಹಲ್ಲಾ ಬಿಟ್ಟು ಸರಸ್ವತೀಪುರಂಗೆ ಮನೆ ಮಾಡಿಕೊಂಡು ಹೋದಂತಿರುತ್ತದೆ. ಊರು, ಜಾತಿ, ವಯಸ್ಸು ಎಲ್ಲವೂ ಹೆಸರಿಗೆ ಅಂಟಿಕೊಂಡೇ ಬರುತ್ತವೆ. ಇಂಗ್ಲಿಷಿನಲ್ಲಿ ಓದುವವರಿಗೆ ಇದು ಯಾವುದೂ ಗೊತ್ತಾಗುವುದಿಲ್ಲ, ಅದಕ್ಕೇ ಅನುವಾದ ಮಾಡುವವರು ಹೆಸರಿನ ವಿಷಯದಲ್ಲಿ ಹೆಚ್ಚು ಎಚ್ಚರವಾಗಿರಬೇಕು ಎಂದು ಲಾಸ್ಯ ಹೇಳುತ್ತಾಳೆ. ಕೊನೆಗೆ ಇಂದ್ರಮ್ಮ ಎಂದು ತೀರ್ಮಾನಿಸಿ ಅವಳಿಗೆ ತಿಳಿಸಿದ್ದೇನೆ.

ನೀಲಾಳಿಗೆ ಹೇಳು ಎನ್ನಬೇಡ. ಅವಳಿಗೆ ಅರವತ್ಮೂರು. ಈ ವಯಸ್ಸಿನಲ್ಲಿ ಹೇಳಿದರೆ ಅವಳು ಎಲ್ಲಿಗೆ ಹೋಗುತ್ತಾಳೆ? ನಾನಾದರೂ ಏನು ಮಾಡಲಿ? ಬೆಳಗಿನ ಕಾಫಿಯಿಂದ ಹಿಡಿದು ಎಲ್ಲಕ್ಕೂ ನನಗೆ ಅವಳೇ ಬೇಕು. ನನಗೆ ಹೆದರಿಕೆಯಾಗುತ್ತದೆ.

ಪ್ರೇಮಾ


ಲಷ್ಕರ್ ಮೊಹಲ್ಲಾ
6 ಆಗಸ್ಟ್ 2023

ಪ್ರೇಮಾ,

ಇಂದ್ರಮ್ಮ ನಮ್ಮ ಹಿಂದಿನ ಬೀದಿಯಲ್ಲಿ ಹಾಲು ಹಾಕುವವಳು. ಅವಳು ನಿನಗೆ ಏನು ಮಾಡಿದಳು? ನೀನು ಯಾವ ಹೆಸರಿಟ್ಟರೂ ಆ ಹೆಸರಿನ ಹೆಂಗಸೊಬ್ಬಳು ಈ ಮೊಹಲ್ಲಾದಲ್ಲಿ ಇದ್ದೇ ಇರುತ್ತಾಳೆ.

ಅವಳು ಎಲ್ಲಿಗೆ ಹೋಗುತ್ತಾಳೆ ಎಂದು ಕೇಳಿದ್ದೀಯ. 83ರಲ್ಲೂ ನೀನು ಇದೇ ಮಾತನ್ನು ಬೇರೆ ಥರ ಹೇಳಿದ್ದೆ, ಅವಳು ಹೋದರೆ ನನ್ನ ಗತಿ ಏನು ಎಂದು. ನನಗೆ ನೆನಪಿದೆ.

ನನಗೆ ಇನ್ನು ಬರೆಯಬೇಡ. ನೀನು ಯಾರಿಗೆ ಬರೆಯಬೇಕೋ ಅವರು ನಿಮ್ಮ ಮನೆಯಲ್ಲೇ ಇದ್ದಾರೆ. ನಯನಾಳ ಕಾಲು ಊದಿಕೊಂಡಿದೆ, ಡಾಕ್ಟರು ಉಪ್ಪು ಕಡಿಮೆ ಮಾಡಿ ಎಂದಿದ್ದಾರೆ.

ಬೆಟ್ಟಮ್ಮ


ಮಾನಸಗಂಗೋತ್ರಿ, ಮೈಸೂರು
30 ಆಗಸ್ಟ್ 2023

ಪ್ರೇಮಲೀಲಾ ಮೇಡಂ ಅವರಿಗೆ,

ನಮಸ್ಕಾರ. ಅನುವಾದದ ಮೊದಲ ಹನ್ನೆರಡು ಅಧ್ಯಾಯಗಳನ್ನು ಇದರ ಜೊತೆ ಕಳಿಸಿದ್ದೇನೆ. ತಾವು ಹೇಳಿದಂತೆ ಬೆಟ್ಟಮ್ಮ ಎಂಬಲ್ಲೆಲ್ಲ ಇಂದ್ರಮ್ಮ ಎಂದು ಬದಲಿಸಿದೆ. ಕಂಪ್ಯೂಟರಿನಲ್ಲಿ ಒಂದೇ ಸಲಕ್ಕೆ ಆಗುತ್ತದೆ, ಒಂದು ನಿಮಿಷದ ಕೆಲಸ. ಆಮೇಲೆ ಮೊದಲ ಪುಟದಿಂದ ಓದುತ್ತ ಬಂದಾಗ ಅರ್ಪಣೆಯೂ ಬದಲಾಗಿಬಿಟ್ಟಿರುವುದು ಕಂಡಿತು. ಈಗ ಈ ಪುಸ್ತಕ ಲಷ್ಕರ್ ಮೊಹಲ್ಲಾದ ಇಂದ್ರಮ್ಮನಿಗೆ ಅರ್ಪಣೆಯಾಗಿದೆ.

ನನ್ನ ತಪ್ಪು, ಸರಿಪಡಿಸುತ್ತೇನೆ. ಆದರೆ ಅದಕ್ಕೆ ಮೊದಲು ಒಂದು ವಿಷಯ ಕೇಳಬೇಕು. ಪಾತ್ರದ ಹೆಸರನ್ನು ಬದಲಿಸುವ ಹಕ್ಕು ತಮಗೆ ಇದ್ದೇ ಇದೆ. ಅರ್ಪಣೆಯಲ್ಲಿರುವುದು ನಿಜವಾದ ಒಬ್ಬರ ಹೆಸರು. ಎರಡೂ ಕಡೆ ಒಂದೇ ಹೆಸರು ಹೇಗೆ ಬಂತು? ತಾವು ಪಟ್ಟಿಯಲ್ಲಿ ಬೆಟ್ಟಮ್ಮ ಎಂಬುದರ ಮುಂದೆ 'ಎಲ್ಲಿಂದ ಬಂತು' ಎಂಬ ಜಾಗವನ್ನು ಖಾಲಿ ಬಿಟ್ಟಿದ್ದೀರಿ. ಉಳಿದ ಇಪ್ಪತ್ತಾರು ಹೆಸರುಗಳಿಗೂ ಉತ್ತರವಿದೆ.

ಯಾರ ಹೆಸರನ್ನು ತೆಗೆಯುತ್ತಿದ್ದೇನೆ ಎಂದು ತಿಳಿಯದೆ ತೆಗೆಯಲು ನನಗೆ ಮನಸ್ಸಿಲ್ಲ. ತಾವು ತಿಳಿಸುವವರೆಗೆ ಮುಂದಿನ ಅಧ್ಯಾಯ ಮುಟ್ಟುವುದಿಲ್ಲ. ತಪ್ಪು ತಿಳಿಯಬಾರದು.

ವಿಶ್ವಾಸದಿಂದ,
ಲಾಸ್ಯ


ಮನೆ
17 ಸೆಪ್ಟೆಂಬರ್ 2023, ಬೆಳಿಗ್ಗೆ

ನೀಲಾ,

ನೀನು ಒಳಗೆ ಲಿಂಗಪೂಜೆಗೆ ಕೂತಿದ್ದೀಯ. ಗಂಟೆಯ ಸದ್ದು ಕೇಳುತ್ತಿದೆ. ಒಂದೇ ಮನೆಯಲ್ಲಿದ್ದುಕೊಂಡು ಕಾಗದ ಬರೆಯುತ್ತಿದ್ದಾಳೆ ಎಂದುಕೊಳ್ಳಬೇಡ. ಹದಿನೆಂಟು ದಿನದಿಂದ ನಿನ್ನ ಎದುರು ಕೂತು ಹೇಳಲು ನೋಡಿದೆ. ನೀನು ಪ್ರತಿ ಸಲವೂ "ಏನ್ ಅತ್ಗೆ, ಇನ್ನೊಂದ್ ಲೋಟ ಬೇಕಾ" ಎಂದು ಕೇಳಿದೆ. ಬೇಕು ಎಂದೆ.

1983ರಲ್ಲಿ ನಂಜನಗೂಡಿನ ವಿಶ್ವನಾಥ್ ಅವರ ಮನೆಗೆ ಹೋದ ಕಾಗದವನ್ನು ಬರೆದವಳು ನಾನು. ಬೆಟ್ಟಮ್ಮ ಬರೆದದ್ದಲ್ಲ. ನಾನು ಬರೆದುಕೊಡು ಎಂದು ಕೇಳಿದಾಗಲೂ ಅವಳು ಆಗಲ್ಲ ಎಂದಳು. ನಿನಗೆ ಮೂರ್ಛೆ ರೋಗ ಇದೆ ಎಂದು ನಾನು ಸುಳ್ಳು ಬರೆದೆ. ನೀನು ಹೋದರೆ ಅತ್ತೆಯನ್ನು ನೋಡಿಕೊಳ್ಳಲು ನಾನು ಕೆಲಸ ಬಿಡಬೇಕಾಗಿತ್ತು. ಅದಕ್ಕಾಗಿ ಬರೆದೆ. ನಿನ್ನ ಅಣ್ಣನಿಗೆ ಕೊನೆಯವರೆಗೂ ಗೊತ್ತಿರಲಿಲ್ಲ.

ಕಾದಂಬರಿಯ ಕರಡಿನಲ್ಲಿ ಅದನ್ನು ಬರೆಯುವವಳ ಹೆಸರು ಪ್ರೇಮಲೀಲಾ ಎಂದೇ ಇತ್ತು. ನನ್ನ ಹೆಸರು ತೆಗೆದು ಬೆಟ್ಟಮ್ಮನದನ್ನು ಹಾಕಿದೆ. ನೀನು ಅದನ್ನು ನಿಜವೆಂದು ನಂಬಿ ಅವಳ ಅಂಗಡಿಗೆ ಹೋಗಿ ಬಂದದ್ದನ್ನು ನನಗೆ ಬಂದು ಹೇಳಿದೆ. ನೀನು ಅಳುತ್ತಿದ್ದೆ. ನಾನು ನಿನ್ನ ಬೆನ್ನು ಸವರಿ, ಹೋಗಲಿ ಬಿಡು ಎಂದೆ. ಕಾಗದಕ್ಕಿಂತ ಅದೇ ಹೆಚ್ಚು ಕೆಟ್ಟ ಕೆಲಸ ಎಂದು ಈಗ ಅನಿಸುತ್ತಿದೆ.

ಬೆಟ್ಟಮ್ಮನ ಮೊಮ್ಮಗಳು ತನ್ನ ಮಗುವಿಗೆ ಆ ಹೆಸರಿಡಬೇಕೆಂದಿದ್ದಾಳೆ. ಈ ಪುಸ್ತಕದಿಂದ ಅವರ ಮನೆಯಲ್ಲಿ ಆ ಹೆಸರು ಬೇಡವಾಗಿದೆ. ಕನ್ನಡದ ಹೊಸ ಮುದ್ರಣವನ್ನೂ ಇಂಗ್ಲಿಷನ್ನೂ ತಡೆಹಿಡಿದಿದ್ದೇನೆ. ಅಲ್ಲಿ ಯಾರ ಹೆಸರಿರಬೇಕು ಎಂದು ನೀನು ಹೇಳು. ಪುಸ್ತಕವೇ ಬೇಡ ಎಂದರೆ ಅದೂ ಸರಿ.

ಕ್ಷಮಿಸು ಎಂದು ಕೇಳಲು ಬಾಯಿಲ್ಲ. ಈ ಸಲ ಬಲಗೈಯಲ್ಲಿ ಬರೆದು ಪೂರ್ತಿ ಹೆಸರು ಹಾಕಿದ್ದೇನೆ. ಯಾರಿಗೆ ಬೇಕಾದರೂ ತೋರಿಸು.

ಪ್ರೇಮಲೀಲಾ ಶಿವರುದ್ರಪ್ಪ


ಲಷ್ಕರ್ ಮೊಹಲ್ಲಾ
29 ಅಕ್ಟೋಬರ್ 2023

ಪ್ರೇಮಲೀಲಾ ಅವರಿಗೆ,

ಅತ್ತಿಗೆ ಎಂದು ಬರೆಯಲು ಹೋದೆ, ಕೈ ಏಳಲಿಲ್ಲ. ನಿಮ್ಮನ್ನು ಹೆಸರು ಹಿಡಿದು ಕರೆಯುತ್ತಿರುವುದು ಇದೇ ಮೊದಲು.

ಎಲ್ಲಿದ್ದೀನಿ ಎಂದು ಇಷ್ಟು ದಿನ ತಿಳಿಸಲಿಲ್ಲ. ತಿಳಿಸಬೇಕು ಅನಿಸಲಿಲ್ಲ. ಅವತ್ತು ನಿಮ್ಮ ಕಾಗದ ಓದಿ ಸಿಟಿ ಬಸ್ಸು ಹತ್ತಿದೆ. ಎಲ್ಲಿಗೆ ಎಂದು ಯೋಚನೆ ಮಾಡಿರಲಿಲ್ಲ. ಇಳಿದು ನೋಡಿದರೆ ಬೆಟ್ಟಕ್ಕನ ಅಂಗಡಿ ಹತ್ತಿರ ನಿಂತಿದ್ದೆ. ಅವರು ಕನ್ನಡಕ ಎತ್ತಿ ನೋಡಿ, "ಊಟ ಆಯ್ತಾ ನೀಲಮ್ಮ?" ಎಂದರು. ನಾನು ತಪ್ಪಾಯಿತು ಎಂದು ಶುರು ಮಾಡಿದರೆ, "ಬುಡು ಬುಡು, ಮೊದ್ಲು ಕೂತ್ಕೊ, ನಿಂತ್ರೆ ಕಾಲ್ ನೋಯ್ತದೆ" ಎಂದು ಮಣೆ ಹಾಕಿದರು. ಅವತ್ತಿನಿಂದ ಇಲ್ಲೇ ಇದ್ದೀನಿ. ನಾನೂ ಹುಕ್ಕು ಹಾಕುವುದನ್ನು ಕಲಿತಿದ್ದೇನೆ.

ನಿಮ್ಮ ಮೇಲೆ ನನಗೆ ತುಂಬ ಕೋಪವಿದೆ. ಮದುವೆ ತಪ್ಪಿಸಿದ್ದಕ್ಕೆ ಇದೆ. ಅಮ್ಮನ ಸೇವೆ ಮಾಡಿದ್ದಕ್ಕೆ ಇಲ್ಲ, ಬಾಯಿಬಿಟ್ಟು ಕೇಳಿದ್ದರೆ ಹೇಗೂ ಮಾಡುತ್ತಿದ್ದೆ. ಕೇಳಲಿಲ್ಲವಲ್ಲ ಎಂದು ಇದೆ. ಎಲ್ಲಕ್ಕಿಂತ ಹೆಚ್ಚಾಗಿ, ಒಳ್ಳೆಯ ಹೆಂಗಸೊಬ್ಬಳನ್ನು ಇಪ್ಪತ್ತೊಂಬತ್ತು ವರ್ಷ ನನ್ನ ಕೈಯಲ್ಲಿ ಬೈಯಿಸಿದಿರಿ. ನಾನು ಬೈಯುವಾಗ ಎದುರಿಗೇ ಕೂತು ಕಾಫಿ ಕುಡಿದಿರಿ.

ಇಲ್ಲಿಯ ವಿಷಯ ಹೇಳುತ್ತೇನೆ. ನಯನಾಗೆ ಹೋದ ತಿಂಗಳು ಇಪ್ಪತ್ತೊಂದಕ್ಕೆ ಹೆಣ್ಣುಮಗು ಆಯಿತು. ಮೊನ್ನೆ ಶುಕ್ರವಾರ ತೊಟ್ಟಿಲು ಶಾಸ್ತ್ರ. ಹಿಂದಿನ ದಿನ ಬೆಟ್ಟಕ್ಕನ ಸೊಸೆ ಮತ್ತೆ ಅದೇ ಹಟ ಹಿಡಿದರು. ನೆಂಟರೆಲ್ಲ ಇದ್ದರು. ನಾನು ನಿಮ್ಮ ಕಾಗದ ತೆಗೆದು ಅವರ ಕೈಗೆ ಕೊಟ್ಟೆ. ಅವರು ಕನ್ನಡಕ ಇಲ್ಲ ಎಂದರು. ಹಾಗಾದರೆ ನಾನೇ ಓದುತ್ತೇನೆ ಎಂದು ಎಲ್ಲರ ಮುಂದೆ ಓದಿದೆ, ಸಹಿಯವರೆಗೂ ಓದಿದೆ. ಅವರು ಎದ್ದರು. ಒಳಗೆ ಹೋಗಿ ಅತ್ತೆಯ ತಟ್ಟೆಗೆ ಅನ್ನ ಬಡಿಸಿ ತಂದುಕೊಟ್ಟರು.

ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ. ಪ್ರದ್ಯುಮ್ನನಿಗೆ ಅಕ್ಕತಂಗಿಯರಿಲ್ಲ. ನಯನಾ ನನಗೆ, ನೀವು ಹೇಳಿ ಎಂದಳು. ನಿಮ್ಮ ಜನ ಅಲ್ಲವಲ್ಲಮ್ಮ, ನಾನು ಹೇಗೆ ಹೇಳಲಿ ಎಂದೆ. "ನೀವೇ ಹೇಳ್ಬೇಕು ಕಣತ್ತೆ" ಎಂದಳು. ನಿಮಗೆ ಮಕ್ಕಳಾಗಲಿಲ್ಲ, ಅಣ್ಣನಿಗೆ ನಾನೊಬ್ಬಳೇ ತಂಗಿ, ಹಾಗಾಗಿ ಆ ಸರದಿ ನನಗೆ ಯಾವತ್ತೂ ಬಂದಿರಲಿಲ್ಲ. ಮೂರು ಸಲ ಹೇಳಬೇಕು. ಮಗುವಿನ ಕಿವಿ ಹತ್ತಿರ ಬಾಯಿ ಇಟ್ಟೆ. ಮೊದಲನೇ ಸಲ ದನಿಯೇ ಬರಲಿಲ್ಲ. ಇಷ್ಟು ವರ್ಷ ಆ ಹೆಸರನ್ನು ಬಾಯಲ್ಲಿ ಹೇಳದೆ 'ಆ ಹೆಂಗಸು' ಎಂದೇ ಅಂದುಕೊಂಡು ಬಂದಿದ್ದೆನಲ್ಲ. ಎರಡನೇ ಸಲ ಹೇಳಿದೆ. ಮೂರನೇ ಸಲ ಪಡಸಾಲೆಯಲ್ಲಿದ್ದವರಿಗೆಲ್ಲ ಕೇಳುವಂತೆ ಬೆಟ್ಟಮ್ಮ ಎಂದೆ. ಮಗು ಬೆಚ್ಚಿ ಅತ್ತಿತು. ಬೆಟ್ಟಕ್ಕ ಎದ್ದು ಅಡುಗೆಮನೆಗೆ ಹೋಗಿಬಿಟ್ಟರು.

ನಿಮ್ಮ ಬಿಪಿ ಮಾತ್ರೆ ಬೀರುವಿನ ಎರಡನೇ ಅರೆಯಲ್ಲಿದೆ. ಗ್ಯಾಸ್ ಬುಕ್ ಮಾಡಬೇಕು. ಹಾಲಿನವನಿಗೆ ಒಂದೇ ಪ್ಯಾಕೆಟ್ ಸಾಕು ಎಂದು ಹೇಳಿ.

ಪುಸ್ತಕದಲ್ಲಿ ಯಾರ ಹೆಸರಿಡಬೇಕು ಎಂದು ಕೇಳಿದ್ದೀರಿ. ಕರಡಿನಲ್ಲಿ ಇದ್ದದ್ದನ್ನೇ ಇಡಿ. ಆ ಲಾಸ್ಯ ಎಂಬ ಹುಡುಗಿಗೂ ಅದನ್ನೇ ಹೇಳಿ. ಅರ್ಪಣೆ ಹಾಗೇ ಇರಲಿ, ಬೆಟ್ಟಕ್ಕನನ್ನು ನಾನೇ ಒಪ್ಪಿಸಿದ್ದೇನೆ.

ನೀವು ಬಂದು ಕರೆಯಬೇಡಿ. ಇಂಗ್ಲಿಷಿನದು ನನಗೆ ಓದಲು ಬರುವುದಿಲ್ಲ. ಕನ್ನಡದ್ದು ಅಚ್ಚಾದ ಮೇಲೆ ಈ ವಿಳಾಸಕ್ಕೆ ಒಂದು ಪ್ರತಿ ಕಳಿಸಿ. ಮೊದಲಿನಿಂದ ಕೊನೆಯವರೆಗೆ ಓದುತ್ತೇನೆ. ಓದಿ ಮುಗಿಸಿ ನಿಮ್ಮನ್ನು ಮತ್ತೆ ಅತ್ತಿಗೆ ಎನ್ನಲು ಆಗುತ್ತದೆಯೋ ಇಲ್ಲವೋ ನೋಡುತ್ತೇನೆ. ಹಾಗೆ ಕರೆಯಲು ಆದರೆ ಬರುತ್ತೇನೆ.

ನೀಲಾಂಬಿಕೆ